ಕೌಜಲಗಿಯಲ್ಲಿ ಇಪ್ಪತ್ತೆರಡು ದಿನ

ಇಪ್ಪತ್ತೆರಡು ದಿನ ಸೈಕಲ್ ತುಳಿದು ಮನೆಗೆ ಬಂದ ನನ್ನನ್ನು ಆ ದಿನ ಯಾರೂ ಬೈಯಲಿಲ್ಲ. ನನಗೆ ಅನುಮಾನ ಶುರುವಾದದ್ದು ಅಲ್ಲಿಂದಲೇ.

ಇಪ್ಪತ್ತು ದಿನಕ್ಕೆ ಬರುತ್ತೇನೆಂದು ಹೇಳಿ ಎರಡು ದಿನ ತಡಮಾಡಿದ್ದೆ. ಫೋನನ್ನು ಅಲಿಬಾಗದ ಸಮುದ್ರದಲ್ಲಿ ಬೀಳಿಸಿದ್ದೆ. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ನಮ್ಮ ಮನೆಯಲ್ಲಿ ಇದರಲ್ಲಿ ಒಂದೊಂದಕ್ಕೂ ಒಂದು ವಾರದ ಬೈಗುಳ ಸಿಗುತ್ತದೆ. ಆದರೆ ಅವ್ವ ಸುಮ್ಮನೆ ಕಾಲಿಗೆ ನೀರು ಕೊಟ್ಟಳು. ಬಾಳೇಶಣ್ಣ ಸೈಕಲ್ಲನ್ನು ನನ್ನ ಕೈಯಿಂದ ಇಸಿದುಕೊಂಡು, ಓಣಿಯ ಆಚೆ ಈಚೆ ನೋಡಿ, ಸರ್ರನೆ ಹಿತ್ತಲಿಗೆ ಒಯ್ದ. ಅಪ್ಪನ ತಾಯಿ ಉದ್ದವ್ವ, ನಮ್ಮ ಆಯಿ, ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಲ್ಮೆಟ್ಟಿನ ಪಟ್ಟಿಯ ಕೆಳಗೆ ಬಿಸಿಲು ಬೀಳದೆ ಉಳಿದಿದ್ದ ಬಿಳಿ ಗೆರೆಯನ್ನು ಬೆರಳಿನಿಂದ ತಿಕ್ಕಿದಳು.

"ಎಷ್ಟ ದಿನಕ್ಕ ಹೋಕ್ಕೈತಿ ಇದು?"

"ಯಾಕಾಯಿ?"

"ಯಾಕಿಲ್ಲ. ಉಣ್ಣ ನಡಿ."

ಊಟಕ್ಕೆ ಗೋದಿ-ಬೆಲ್ಲದ ಮಾದಲಿ ಇತ್ತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಮಾದಲಿ. ಅವ್ವ ಕೇಳದೆಯೇ ತುಪ್ಪ ಸುರಿದಳು. ಅಪ್ಪ ಎದುರಿಗೆ ಕುಳಿತು ರೊಟ್ಟಿ ಮುರಿಯುತ್ತಿದ್ದ. ಅವನು ಹಿತ್ತಲ ತಗಡಿನ ಶೆಡ್ಡಿನಲ್ಲಿ ಕರದಂಟು ಮಾಡಿ ಗೋಕಾಕದ ನಾಲ್ಕು ಅಂಗಡಿಗೆ ಕೊಡುತ್ತಾನೆ. ಅವನ ಅಂಗಿಗೆ ಯಾವಾಗಲೂ ತುಪ್ಪದಲ್ಲಿ ಹುರಿದ ಅಂಟಿನ ವಾಸನೆ. ಮಾತು ಕಡಿಮೆ. ಯಾರಾದರೂ ಎದುರು ನಿಂತು ಏನಾದರೂ ಕೇಳಿದರೆ ಮೊದಲು ಬಾಯಿಗೆ ಬಂದದ್ದನ್ನು ಹೇಳಿ ಒಳಗೆ ಹೋಗಿಬಿಡುತ್ತಾನೆ. ಆ ಗುಣ ನನಗೂ ಬಂದಿದೆ ಎನ್ನುತ್ತಾರೆ. ನಾನು ಏನೂ ಹೇಳದೆಯೇ ಒಳಗೆ ಹೋಗುತ್ತೇನೆ, ಅಷ್ಟೇ ವ್ಯತ್ಯಾಸ.

"ಕಾಲು ನೋಯ್ತಾವೇನು?" ಎಂದು ಕೇಳಿದ ಅಪ್ಪ.

"ಇಲ್ಲಪಾ."

ಎಲ್ಲಿಗೆ ಹೋಗಿದ್ದೆ, ಏನು ನೋಡಿದೆ, ಸಮುದ್ರ ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಊಟವಾದ ಮೇಲೆ ಅವ್ವ ನನ್ನ ಚೀಲ ಬಗ್ಗಿಸಿ ಒಂದೊಂದೇ ಬಟ್ಟೆ ಬಿಡಿಸಿ ನೋಡಿದಳು.

"ಹಸರ ದುಪ್ಪಟ್ಟಾ ಎಲ್ಲೈತಿ?"

"ಗಾಳಿಗಿ ಹಾರಿಹೋತು."

"ದುಪ್ಪಟ್ಟಾ ಹಾರ್ಸ್ಕೊಂಡು ಹೋಗುವಂಥಾ ಗಾಳಿ ಎಲ್ಲೈತಿ?"

"ಸಮುದ್ರದ ದಂಡಿಮ್ಯಾಲ."

ಅವ್ವ ಬಟ್ಟೆಗಳನ್ನು ಮತ್ತೆ ಮಡಚಿದಳು. ಆಮೇಲೆ ಚೀಲದ ತಳದಿಂದ ನನ್ನ ನೋಟಬುಕ್ ತೆಗೆದು, ತೂಗಿ ನೋಡುವವಳಂತೆ ಹಿಡಿದು, ನನ್ನ ಟ್ರಂಕಿನೊಳಗೆ ಇಟ್ಟಳು. ಇನ್ನೂರು ಪುಟದ ನೋಟಬುಕ್ಕು, ರಟ್ಟಿಗೆ ಕಂದು ಕಾಗದ ಹಾಕಿದ್ದೆ. ಪ್ರತಿ ದಿನ ಸಂಜೆ ಎಲ್ಲಿ ಇಳಿದೆವೋ ಅಲ್ಲಿ ಕುಳಿತು ಬರೆದದ್ದು.

ಮರುದಿನ ಬಾಗಿಲ ಮುಂದೆ ಕಸ ಹೊಡೆಯುತ್ತಿದ್ದಾಗ ಎದುರುಮನೆಯ ಲಕ್ಷ್ಮೀಬಾಯಿ ಕಟ್ಟೆಗೆ ಬಂದಳು.

"ಬಂದಿಯೇನವ್ವಾ ಸುಮನಾ? ಅತ್ತಿ ಕಾಲು ಈಗ ಹೆಂಗೈತಿ?"

ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ "ಹೂಂ" ಎಂದೆ. ಅದು ನನ್ನ ಚಟ.

"ಕೌಜಲಗಿ ನೀರು ಆಗಿಬರಲಿಲ್ಲ ನೋಡು ನಿನಗ. ಎಷ್ಟ ಕಪ್ಪಾಗೀದಿ! ಹೊಲದ ಕೆಲಸಾನೂ ಹಚ್ಚಿದ್ರೇನು?"

ಕಸಬರಿಗೆ ಅಲ್ಲೇ ಬಿಟ್ಟು ಒಳಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಆಯಿ ಒಲೆಯ ಬಾಜೂ ಕುಳಿತು ಶೇಂಗಾ ಬಿಡಿಸುತ್ತಿದ್ದಳು.

"ಕೌಜಲಗಿ ಅತ್ತಿ ಕಾಲಿಗಿ ಏನಾಗೇತಿ?" ಎಂದು ಕೇಳಿದೆ.

ರೊಟ್ಟಿಯ ಸಪ್ಪಳ ನಿಂತಿತು. ಆಯಿ ಅವ್ವನ ಮುಖ ನೋಡಿದಳು, ಅವ್ವ ಹಂಚಿನ ಮುಖ ನೋಡಿದಳು.

"ಮುರದೈತಿ," ಎಂದಳು ಆಯಿ.

"ಯಾವಾಗ?"

"ನೀ ಹೋದ ಮರುದಿನ."

"ಖರೇನ ಮುರದೈತೇನು?"

"ಖರೇ ಯಾಕ ಮುರೀಲಿ? ಕಲ್ಲ ಗುಂಡ ಆಗ್ಯಾಳ ಆಕಿ," ಎಂದು ಆಯಿಗೆ ಸಿಟ್ಟೇ ಬಂತು, ಮಗಳ ಕಾಲಿಗೆ ನಾನೇ ಶಾಪ ಹಾಕಿದಂತೆ.

ಆಮೇಲೆ ಎಲ್ಲ ಹೊರಗೆ ಬಂತು. ನಾನು ಹೊರಟ ಮರುದಿನ ಬೆಳಿಗ್ಗೆ ಲಕ್ಷ್ಮೀಬಾಯಿ ಅಪ್ಪನನ್ನು ಬಾಗಿಲಲ್ಲೇ ಹಿಡಿದು "ಸುಮನಾ ಎಲ್ಲಿಗಿ ಹೋಗ್ಯಾಳ್ರಿ?" ಎಂದು ಕೇಳಿದ್ದಳು. ಅಪ್ಪನ ಬಾಯಿಗೆ "ಕೌಜಲಗಿಗಿ" ಎಂದು ಬಂತು. "ಯಾಕ್ರಿ?" ಎಂದದ್ದಕ್ಕೆ "ನಮ್ಮ ಲಕ್ಕವ್ವ ಕಾಲು ಮುರಕೊಂಡಾಳ" ಎಂದು ಒಳಗೆ ಬಂದುಬಿಟ್ಟಿದ್ದ. ಅಲ್ಲಿಂದ ಮುಂದೆ ಮನೆಯವರೆಲ್ಲ ಅದನ್ನೇ ಹಿಡಿದರು. ಲಕ್ಕವ್ವತ್ತೆ ಈಗ ಫೋನು ಮಾಡಿದಾಗಲೆಲ್ಲ ಅಪ್ಪನನ್ನು ಬೈಯುತ್ತಿದ್ದಳಂತೆ: "ನನ್ನ ಕಾಲು ನೋಡಾಕ ಬೀಗರೆಲ್ಲಾ ಬಾಳಿಹಣ್ಣ ತಗೊಂಡ ಬರಾಕತ್ತಾರೋ ಯಣ್ಣಾ. ಮೂರ ವಾರ ಸಂತಿಗಿ ಹೋಗಿಲ್ಲ ನಾ!"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಮೂಡಲಗಿಯಿಂದ ಬೆಳಗಾವಿ, ಆಂಬೋಲಿ ಘಾಟು, ಮಾಲವಣ, ರತ್ನಾಗಿರಿ, ಅಲಿಬಾಗ, ಪುಣೆ, ಸಾತಾರಾ, ಕೊಲ್ಹಾಪುರ, ಸಂಕೇಶ್ವರ, ಹುಕ್ಕೇರಿ. ಸಾವಿರದ ಇನ್ನೂರಾ ನಲವತ್ತು ಕಿಲೋಮೀಟರ್. ಕಾಲೇಜಿನ ಆಟದ ಮೇಡಂ ಸೇರಿ ನಾವು ಐದು ಮಂದಿ. ಇಪ್ಪತ್ತಮೂರು ವರ್ಷದಲ್ಲಿ ನಾನು ಬಾಯಿಬಿಟ್ಟು ಕೇಳಿಕೊಂಡಿದ್ದು ಅದೊಂದೇ. ಅದು ಆಗಿಯೇ ಇಲ್ಲ, ನಾನು ಕೌಜಲಗಿಯಲ್ಲಿದ್ದೆ.

"ಇನ್ನ ಮ್ಯಾಲ ನೀನೂ ಹಂಗ ಹೇಳು," ಎಂದಳು ಅವ್ವ.

ಆ ವಾರ ಮನೆಯಲ್ಲಿ ಎಲ್ಲರ ಕೆಲಸವೂ ನನ್ನನ್ನು ಬೆಳ್ಳಗೆ ಮಾಡುವುದೇ ಆಯಿತು. ಆಯಿ ದಿನಾ ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ಮುಖಕ್ಕೆ, ಗದ್ದಕ್ಕೆ, ಕುತ್ತಿಗೆಗೆ ಬಳಿದಳು. ಕೈ ಚಾಚಿದರೆ "ಮುಖಾ ನೋಡ್ತಾರ, ಕೈ ಯಾರ ನೋಡ್ತಾರ? ಕೆನಿ ತುಟ್ಟಿ ಐತಿ" ಎಂದಳು. ಯಾರು ನೋಡುತ್ತಾರೆಂದು ಕೇಳಿದರೆ ಮುಖಕ್ಕೆ ಇನ್ನಷ್ಟು ಬಳಿದಳು.

ಹಿತ್ತಲಿಗೆ ಹೋಗಿ ನೋಡಿದರೆ ನನ್ನ ಸೈಕಲ್ಲಿಗೆ ಗಾಲಿಗಳೇ ಇರಲಿಲ್ಲ. ಬರೀ ಚೌಕಟ್ಟು ಗೋಡೆಗೆ ಆನಿಕೊಂಡು ನಿಂತಿತ್ತು.

"ಗಾಲಿ ಎಲ್ಲಣ್ಣಾ?"

"ರಿಪೇರಿ ಐತಿ," ಎಂದ ಬಾಳೇಶಣ್ಣ, ಕರದಂಟಿನ ಬಾಕ್ಸುಗಳನ್ನು ಬೈಕಿಗೆ ಕಟ್ಟುತ್ತ.

"ಏನ ರಿಪೇರಿ?"

"ನಿನಗ್ಯಾಕ ಬೇಕು? ಇನ್ನೇನ ಕಾಶ್ಮೀರಕ್ಕ ಹೊಂಟೀಯೇನು?"

ಅಟ್ಟದ ಮೇಲೆ ಗೋಣಿತಾಟು ಮುಚ್ಚಿದ ಎರಡು ದುಂಡನೆಯ ವಸ್ತುಗಳು ಕಾಣುತ್ತಿದ್ದವು. ನಾನು ಒಳಗೆ ಬಂದೆ.

ಅದೇ ದಿನ ಸಂಜೆ ಟ್ರಂಕು ತೆರೆದಾಗ ನೋಟಬುಕ್ ಇರಲಿಲ್ಲ. ನನ್ನ ಹಳೆಯ ಡೈರಿಗಳೆಲ್ಲ ಇದ್ದವು, ಸಾಲಾಗಿ, ವರ್ಷದ ಪ್ರಕಾರ. ಪ್ರವಾಸದ್ದೊಂದೇ ಇಲ್ಲ. ಬಟ್ಟೆ ಕೊಡವಿದೆ, ಹಾಸಿಗೆ ಎತ್ತಿದೆ, ಶೆಡ್ಡಿನ ರದ್ದಿಯಲ್ಲಿ ಹುಡುಕಿದೆ. ಬಾಯಿಬಿಟ್ಟು ಕೇಳಲು ಎರಡು ದಿನ ಹಿಡಿಯಿತು.

"ನನ್ನ ನೋಟಬುಕ್ ಯಾರ ತಗೊಂಡಾರ?"

"ನನಗ ಓದಾಕ ಬರ್ತೈತೇನು?" ಎಂದಳು ಆಯಿ.

"ನನಗ ಓದಾಕ ಪುರಸೊತ್ತ ಐತೇನು?" ಎಂದಳು ಅವ್ವ.

"ನಾ ಯಾಕ ತಗೊಳ್ಳಿ?" ಎಂದ ಬಾಳೇಶಣ್ಣ, ಕೇಳಿದ್ದಕ್ಕಿಂತ ಜೋರಾಗಿ. ಅಪ್ಪ ತಟ್ಟೆಯಲ್ಲೇ ಕೈತೊಳೆದು ಎದ್ದುಹೋದ.

ನನ್ನ ಮನಸ್ಸಿನಲ್ಲಿ ಬಾಳೇಶಣ್ಣ ಮೊದಲಿದ್ದ. ಆದರೆ ನಾಲ್ಕೈದು ದಿನ ಕಳೆದಂತೆ ಅವ್ವನ ಮೇಲೆ ಕಣ್ಣು ಹೋಯಿತು. ಅವಳ ನಡೆ ಬೇರೆಯಾಗಿತ್ತು. ಮೊದಲು ಬೀಸಲು ಜೋಳ ತೆಗೆಯುವುದು ನನ್ನ ಕೆಲಸ. ಈಗ ನಾನು ಡ್ರಮ್ಮಿನ ಮುಚ್ಚಳಕ್ಕೆ ಕೈ ಹಾಕಿದರೆ ಓಡಿಬಂದು "ಸರಿ, ನಾ ತಗೀತೀನಿ" ಎನ್ನುತ್ತಿದ್ದಳು. ಗಂಡನ ಮನೆಗೆ ಕಳಿಸಿಕೊಡುವ ಮಗಳಿಗೆ ಕೆಲಸ ಹೇಳುವುದಿಲ್ಲವಲ್ಲ, ಹಾಗೆ. ಮಧ್ಯಾಹ್ನ ನಾನು ಶೆಡ್ಡಿನಲ್ಲಿ ಅಂಟು ಆರಿಸಲು ಕುಳಿತರೆ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಒಮ್ಮೆ ನೀರು ಕುಡಿಯಲು ಹೋದಾಗ ಅವಳು ಗಾಬರಿಯಿಂದ ಎದ್ದು ನಿಂತಳು. ಮೊಣಕೈವರೆಗೆ ಜೋಳದ ಧೂಳು.

"ಏನ ಮಾಡಾಕತ್ತೀಬೇ?"

"ಜ್ವಾಳಕ್ಕ ನುಸಿ ಹತ್ಯಾವೇನಂತ ನೋಡಾಕತ್ತೇನಿ. ಕಳ್ಳರ ಗತೆ ಬರಬ್ಯಾಡ ನೀ."

ನೋಟಬುಕ್ಕು ಸಿಗುವುದಿಲ್ಲವೆಂದು ತಿಳಿದ ಮೇಲೆ ನಾನು ಮತ್ತೆ ಬರೆಯಲು ಕುಳಿತೆ. ಕರದಂಟಿನ ಹರಿದ ಬಾಕ್ಸುಗಳ ಒಳಮೈ ಬೆಳ್ಳಗಿರುತ್ತದೆ, ಅದರ ಮೇಲೆ. ಅಂಟಿನಿಂದ ತೊಗಟೆಯ ಚೂರು ಆರಿಸುತ್ತ ಒಂದೊಂದೇ ದಿನವನ್ನು ನೆನಪಿಸಿಕೊಂಡೆ. ಆಂಬೋಲಿ ಘಾಟಿನಲ್ಲಿ ಸೈಕಲ್ ತಳ್ಳಿಕೊಂಡು ಅತ್ತದ್ದು. ಗೆಳತಿ ಯಾಸ್ಮೀನಳ ಗಾಲಿಯ ಕಡ್ಡಿ ಮುರಿದು ಎರಡು ದಿನ ಸಾತಾರಾದಲ್ಲಿ ಕುಳಿತದ್ದು. ಕೊನೆಯ ದಿನ ಹುಕ್ಕೇರಿಯಲ್ಲಿ ಒಬ್ಬ ಅಜ್ಜಿ ಕರೆದು ಮಜ್ಜಿಗೆ ಕೊಟ್ಟದ್ದು, ನಾನು ತಲೆ ಎತ್ತದೆ ಕುಡಿದದ್ದು. ಇಷ್ಟು ನೆನಪಿತ್ತು. ಆದರೆ ಹತ್ತನೆಯ ದಿನ ಏನಾಯಿತು? ಹದಿನಾಲ್ಕನೆಯ ದಿನ ಯಾರ ಮನೆಯಲ್ಲಿ ಮಲಗಿದೆವು? ಬರುತ್ತಿರಲಿಲ್ಲ. ಕೌಜಲಗಿ ಎಂದು ಹೇಳಿ ಹೇಳಿ ನನಗೂ ಕೌಜಲಗಿಯ ಅತ್ತೆಯ ಅಂಗಳವೇ ಕಣ್ಣಿಗೆ ಬರುತ್ತಿತ್ತು. ಅದರಿಂದ ಭಯವಾಯಿತು.

ಮೂರನೆಯ ವಾರ ಯಾಸ್ಮೀನ ಬಂದಳು, ಮೂಡಲಗಿಯಿಂದ ಬಸ್ಸಿನಲ್ಲಿ. ಅವಳ ಅಪ್ಪ ಸುಭಾನಸಾಬರದು ಅಲ್ಲಿ ಸೈಕಲ್ ಅಂಗಡಿ. ಹೊರಡುವ ಮೊದಲು ಐದೂ ಸೈಕಲ್ಲುಗಳನ್ನು ಬಿಚ್ಚಿ ಜೋಡಿಸಿಕೊಟ್ಟವರು ಅವರೇ. ಮುಂದಿನ ಭಾನುವಾರ ಅಂಗಡಿಯ ಮುಂದೆ ಪೆಂಡಾಲು ಹಾಕಿ ನಮಗೆಲ್ಲ ಸತ್ಕಾರ ಮಾಡುವುದೆಂದು ನಿಶ್ಚಯಿಸಿದ್ದರು. ಅವ್ವ ಕೊಟ್ಟ ಚಹಾ ಮುಟ್ಟದೆ ಯಾಸ್ಮೀನ ಕುಳಿತಿದ್ದಳು.

"ಸುಮಿ, ನಿನಗ ನಾವು ಏನರೆ ಮಾಡೀವೇನು?"

"ಯಾಕ?"

ಅವಳು ಚೀಲದಿಂದ ಕಾರ್ಡು ತೆಗೆದು ಮುಂದಿಟ್ಟಳು. ಸತ್ಕಾರದ ಆಮಂತ್ರಣ. ಮೇಡಂ ಹೆಸರು, ಯಾಸ್ಮೀನಳ ಹೆಸರು, ಇನ್ನಿಬ್ಬರದು. ನಾಲ್ಕು.

"ನಿಮ್ಮಣ್ಣ ಅಪ್ಪಾಗ ಫೋನ್ ಮಾಡಿದ್ದ. 'ನಮ್ಮ ಹುಡುಗಿ ನಿಮ್ಮ ಜೋಡಿ ಬಂದಿಲ್ಲ, ಹೆಸರು ಹಾಕಬ್ಯಾಡ್ರಿ' ಅಂದ. ಅಪ್ಪಾ ಎರಡ ದಿನಾ ಊಟಾ ಮಾಡಿಲ್ಲ. ನಮ್ಮ ಜೋಡಿ ಬಂದದ್ದು ಹೇಳಿಕೊಳ್ಳಾಕ ನಾಚಿಕಿ ಆಗೇತೇನು ನಿಮಗ?"

ನಾನು ಕಾರ್ಡನ್ನು ತಿರುಗಿಸಿ ಹಿಂಬದಿ ನೋಡಿದೆ. ಯಾಸ್ಮೀನ ಸ್ವಲ್ಪ ಹೊತ್ತು ಕಾದಳು. ನನ್ನನ್ನು ಅವಳಷ್ಟು ಬಲ್ಲವರಿಲ್ಲ. ಆದರೂ ಆ ದಿನ ಅವಳ ಕಣ್ಣಿನಲ್ಲೂ ಅನುಮಾನವಿತ್ತು. ಚಹಾ ಹಾಗೇ ಬಿಟ್ಟು ಐದು ಗಂಟೆಯ ಬಸ್ಸಿಗೆ ಹೋದಳು.

ಅಣ್ಣ ಹಾಗೆ ಫೋನು ಮಾಡಿದ್ದು ಯಾಕೆಂದು ಮರುದಿನ ತಿಳಿಯಿತು. ಸಂಬಂಧ ಕೂಡಿಸುವ ಪರಪ್ಪಕಾಕಾ ಬಂದು ಕಟ್ಟೆಯ ಮೇಲೆ ಟೋಪಿ ತೆಗೆದಿಟ್ಟ.

"ಹುಕ್ಕೇರಿ ಮಂದಿ ಗುರುವಾರ ಬರ್ತಾರ. ಹುಡುಗ ಮಲ್ಲೇಶ, ಕೆ.ಇ.ಬಿ.ಯೊಳಗ ಲೈನಮನ್. ಹುಡುಗ ಬರೂದಿಲ್ಲ ಈಗ, ಅವರ ಅಜ್ಜಿ ಅಲ್ಲವ್ವ ಬರ್ತಾಳ. ಆ ಮನ್ಯಾಗ ಆಕಿ ಹೂಂ ಅಂದ್ರ ಹೂಂ. ಭಾಳ ಸಂಶೇದ ಮುದುಕಿ, ನೋಡಿ ಮಾತಾಡ್ರಿ. ಹುಡುಗಿ ಹೋದ ತಿಂಗಳಾ ಎಲ್ಲಿದ್ಲು ಅಂತ ಈಗ ಎರಡ ಸಲಾ ಕೇಳ್ಯಾಳ."

"ನೀವೇನಂದ್ರಿ?" ಎಂದ ಬಾಳೇಶಣ್ಣ.

"ಕೌಜಲಗಿ ಅಂದೆ. ಮತ್ತೇನನ್ನಲಿ? ಅದನ್ನ ಕೇಳಿ ಮುಖಾ ಸಣ್ಣ ಮಾಡಿದ್ಲು. ಯಾರೋ ಏನೋ ಕಿವಿ ಊದ್ಯಾರಂತ ಕಾಣ್ತೈತಿ."

ಮನೆಯಲ್ಲಿ ಕದ ಹಾಕಿಕೊಂಡು ಉತ್ತರಗಳ ಉಜಳಣಿ, ತಾಲೀಮು, ನಡೆಯಿತು. ಅತ್ತೆಯ ಯಾವ ಕಾಲು? ಎಡಗಾಲು. ಯಾರು ಕಟ್ಟು ಹಾಕಿದರು? ಊರ ಮುದುಕ. ನಾನು ಏನು ಮಾಡುತ್ತಿದ್ದೆ? ನೀರು ಕಾಸುವುದು, ರೊಟ್ಟಿ ಬಡಿಯುವುದು. ಅಪ್ಪ ಪ್ರತಿ ಸಲ ಬಲಗಾಲೆಂದು ಹೇಳಿ ಆಯಿಯಿಂದ ಬೈಸಿಕೊಂಡ.

ಗುರುವಾರ ಅಲ್ಲವ್ವ ಬಂದಳು, ಜೊತೆಗೆ ಸೊಸೆ. ಅಲ್ಲವ್ವ ಜಮಖಾನೆಯ ಮೇಲೆ ಕಾಲು ಮಡಚಿ ಸೀರೆ ಮುಚ್ಚಿಕೊಂಡು ಕುಳಿತಿದ್ದಳು. ನಾನು ಅವಲಕ್ಕಿಯ ತಟ್ಟೆ ಇಟ್ಟು, ತಲೆ ತಗ್ಗಿಸಿ, ಅವ್ವನ ಬಾಜೂ ಕುಳಿತೆ.

"ಹೋದ ತಿಂಗಳಾ ಎಲ್ಲಿದ್ದೆವ್ವಾ?"

"ಕೌಜಲಗಿಯೊಳಗ್ರಿ," ಎಂದ ಬಾಳೇಶಣ್ಣ. "ನಮ್ಮ ಅತ್ತಿ ಎಡಗಾಲು ಮುರಕೊಂಡಿದ್ಲರಿ. ಇಪ್ಪತ್ತೆರಡು ದಿನಾ ಜ್ವಾಪಾನ ಮಾಡ್ಯಾಳ್ರಿ."

"ಬರೋಬ್ಬರಿ ಎಣಿಸೀರಲ್ಲಪಾ," ಎಂದಳು ಅಲ್ಲವ್ವ. ಆಮೇಲೆ ನನ್ನ ಕಡೆ ಬಾಗಿದಳು. "ಸೈಕಲ್ ಹೊಡ್ಯಾಕ ಬರ್ತೈತೇನು?"

ಆಯಿಯ ಕೈಯಲ್ಲಿದ್ದ ಎಲೆಯಡಿಕೆ ಹಾಗೇ ನಿಂತಿತು.

"ಛೇ ಛೇ!" ಎಂದ ಬಾಳೇಶಣ್ಣ. "ಹೊಸ್ತಿಲಾ ದಾಟೂ ಹುಡುಗಿ ಅಲ್ಲರಿ ನಮ್ಮದು."

ಅಲ್ಲವ್ವ ಸೊಸೆಯ ಕಡೆ ನೋಡಿದಳು. ಸೊಸೆ ತಲೆ ಅಲ್ಲಾಡಿಸಿದಳು. "ಮತ್ತ ನಡೀಯವ್ವಾ, ಬಸ್ಸಿನ ಹೊತ್ತಾತು," ಎಂದು ಮುದುಕಿ ನೆಲಕ್ಕೆ ಕೈಯೂರಿದಳು. ನಮ್ಮ ಮನೆಯವರ ಮುಖಗಳು ಅರಳಿದವು. ಗೆದ್ದೆವೆಂದೇ ಅವರ ಲೆಕ್ಕ. ಅಲ್ಲವ್ವ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ನನ್ನ ಕೈಗೆ ಕೊಡಲು ಬಂದವಳು, ಕೈಯನ್ನೇ ಹಿಡಿದುಕೊಂಡುಬಿಟ್ಟಳು.

ಸೈಕಲ್ಲಿನ ಅರ್ಧ ಬೆರಳಿನ ಕೈಗವಸು ಹಾಕಿದ್ದ ಕೈ. ಬೆರಳುಗಳು ಕಪ್ಪು, ಅಂಗೈಯ ಹಿಂಬದಿ ಬಿಳಿ, ಮಣಿಕಟ್ಟಿನಿಂದ ಮೇಲೆ ಮತ್ತೆ ಕಪ್ಪು. ಅಂಗೈಯಲ್ಲಿ ಎರಡು ಗಟ್ಟಿ ಗುಳ್ಳೆ.

"ಇದೇನವ್ವಾ ಇದು?"

ಬಾಳೇಶಣ್ಣನಿಗೆ ಇದು ಉಜಳಣಿಯಲ್ಲಿ ಬಂದಿರಲಿಲ್ಲ. ಅಪ್ಪ ಬಾಗಿಲ ಬಳಿಯಿಂದ, ಯಾರ ಮುಖವನ್ನೂ ನೋಡದೆ, "ರೊಟ್ಟಿ ಬಡದು ಬಡದು ಹಿಂಗಾಗ್ಯಾವ್ರಿ" ಎಂದ.

ಆ ಗುಳ್ಳೆಗಳು ಆಂಬೋಲಿ ಘಾಟಿನವು. ಮನೆಯಲ್ಲಿ ನನ್ನದೆಂದು ಉಳಿದದ್ದು ಅವೆರಡೇ. ನೋಟಬುಕ್ ಹೋಗಿತ್ತು, ಕಾರ್ಡಿನಿಂದ ಹೆಸರು ಹೋಗಿತ್ತು, ಯಾಸ್ಮೀನ ಹೋಗಿದ್ದಳು.

"ಕೌಜಲಗಿಯೊಳಗ ಇರಲಿಲ್ಲರಿ ನಾ," ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು. "ಸೈಕಲ್ ಮ್ಯಾಲ ಹೋಗಿದ್ದೆ. ಮೂಡಲಗಿಯಿಂದ ಅಲಿಬಾಗ, ಅಲ್ಲಿಂದ ಪುಣೆ. ಬರೂವಾಗ ಹುಕ್ಕೇರಿ ಮ್ಯಾಲ ಬಂದೆ."

ಅವ್ವನ ಬಳೆ ಸಪ್ಪಳವಾಯಿತು. ಅಲ್ಲವ್ವ ಮತ್ತೆ ಕುಳಿತಳು.

"ಅಂದ್ರ... ಸ್ವಲ್ಪ ಸ್ವಲ್ಪ ಹೊಡಿತಾಳ್ರಿ ಸೈಕಲ್," ಎಂದ ಬಾಳೇಶಣ್ಣ.

"ನೀ ಸುಮ್ನಿರಪಾ. ಆಗೊಂದ ಮಾತು ಈಗೊಂದ ಮಾತು." ಅಲ್ಲವ್ವ ನನ್ನ ಕೈ ಬಿಟ್ಟಿರಲಿಲ್ಲ. "ನಮ್ಮ ಮನಿ ಮುಂದ ಐದ ಮಂದಿ ಮಜ್ಜಗಿ ಕುಡದು ಹೋದ್ರು. ನಾಕು ಮಂದಿ ಥ್ಯಾಂಕ್ಯೂ ಅಜ್ಜಿ ಅಂದು ಲೋಟಾ ಕಟ್ಟಿಮ್ಯಾಲ ಇಟ್ರು. ಒಬ್ಬಾಕಿ ಬಾಯಿ ಬಿಡಲಿಲ್ಲ. ಐದೂ ಲೋಟಾ ನಳದಾಗ ತೊಳದು ಬೋರಲ ಹಾಕಿ ಹೋದಳು. ಗೋಕಾಕದ ಕರದಂಟಿನವರ ಮಗಳಂತ ಆಕಿ ಗೆಣತಿ ಹೇಳಿದ್ಲು. ಆಕೀನ ಹುಡುಕ್ಕೋತ ಬಂದೀನಿ. ಇದು ಮೂರನೇ ಕರದಂಟಿನ ಮನಿ."

ಬಾಳೇಶಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ. "ಈಕೀನರಿ ಆಕಿ! ಈಕೀನ!" ಎಂದಳು ಆಯಿ.

"ಈಗ ಅಂತೀದಿ. ಈಗಷ್ಟ ಕೌಜಲಗಿ ಆಗಿತ್ತು. ತಲಿಗಿ ಬುಟ್ಟಿ ಹಾಕ್ಕೊಂಡಿದ್ರು ಎಲ್ಲಾರೂ, ಮುಖಾ ಯಾರ ನೋಡ್ಯಾರ? ನನಗ ಸೈಕಲ್ಲಿನಾಕಿ ಬೇಕಾಗ್ಯಾಳ ಅಂತ ಪರಪ್ಪ ಹೊರಗ ಹೇಳಿಕೊಟ್ಟಿದ್ರ?"

"ಯಾಸ್ಮೀನಳ ಕಡೆ ಫೋಟೋ ಅದಾವ್ರಿ," ಎಂದೆ.

"ಫೋಟೋ ಸುದ್ದಿ ತಗೀಬ್ಯಾಡ. ನಮ್ಮ ಮಲ್ಲೇಶ ಫೋನಿನಾಗ ನನ್ನ ಹುಲಿ ಮ್ಯಾಲ ಕುಂದ್ರಸಿ ತೋರಸ್ಯಾನ."

ಆಗ ಅವ್ವ ಎದ್ದಳು. ಯಾರಿಗೂ ಏನೂ ಹೇಳದೆ ಅಡುಗೆಮನೆಗೆ ಹೋದಳು. ಡ್ರಮ್ಮಿನ ಮುಚ್ಚಳ ತೆಗೆದ ಸಪ್ಪಳ, ಜೋಳ ಸರಿದ ಸಪ್ಪಳ. ಹೊರಗೆ ಬಂದಾಗ ಅವಳ ಕೈ ಭುಜದವರೆಗೆ ಬೆಳ್ಳಗಿತ್ತು. ಕೈಯಲ್ಲಿ ಕಂದು ಕಾಗದ ಹಾಕಿದ ನನ್ನ ನೋಟಬುಕ್. ಸೆರಗಿನಿಂದ ಧೂಳು ಒರೆಸಿ, ಅಲ್ಲವ್ವನ ಎದುರು ಕುಳಿತು, ತೆರೆದಳು.

ಅವ್ವ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಬೆರಳಿಟ್ಟುಕೊಂಡು, ಒಂದೊಂದೇ ಅಕ್ಷರ ಹಿಡಿದು ಓದಿದಳು.

"'ಹುಕ್ಕೇರಿಯಲ್ಲಿ... ಒಂದು ನೀಲಿ ಬಾಗಿಲಿನ ಮನೆ. ಅಜ್ಜಿ ಒಬ್ಬರು ಕರೆದು... ಮಜ್ಜಿಗೆ ಕೊಟ್ಟರು. ಅವರ ಎಡಗಾಲಿನ ಹೆಬ್ಬೆರಳಿಗೆ... ಉಗುರಿಲ್ಲ.'"

ಅಲ್ಲವ್ವನ ಸೀರೆಯ ಅಂಚಿನ ಕೆಳಗೆ ಕಾಲು ಸ್ವಲ್ಪ ಒಳಗೆ ಸರಿಯಿತು.

"'ಥ್ಯಾಂಕ್ಸ್ ಹೇಳಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಅದಕ್ಕೇ ಲೋಟ... ತೊಳೆದೆ. ಮಜ್ಜಿಗೆ...'" ಅವ್ವ ನಿಂತಳು.

"ಮಜ್ಜಗಿ ಏನು?"

"ಅಷ್ಟ ಐತ್ರಿ," ಎಂದಳು ಅವ್ವ.

"ಅಷ್ಟಿಲ್ಲ. ನಿನ್ನ ಬೆರಳ ಇನ್ನಾ ಅಲ್ಲೇ ಐತಿ."

ಅವ್ವ ನನ್ನ ಕಡೆ ನೋಡಿದಳು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ಉಪ್ಪು ಜಾಸ್ತಿ ಆಗಿತ್ತರಿ," ಎಂದೆ.

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಲ್ಲವ್ವ ಅವಳ ಕಡೆಗೆ ತಿರುಗಿದಳು. "ನಾ ಹೇಳಿದ್ನಿಲ್ಲ? ನೀನೂ ಹಾಕೀದಿ, ನಾನೂ ಹಾಕೀನಿ ಅಂತ? ಹಾಕಿಲ್ಲ ಅಂತ ವಾದಾ ಮಾಡಿದ್ದಿ ಅವತ್ತ!"

ಎಲ್ಲರೂ ನಕ್ಕರು, ಬಾಳೇಶಣ್ಣನೂ. ಆದರೆ ಮುದುಕಿ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ನಗುತ್ತಿರಲಿಲ್ಲ. ಉಗುರಿಲ್ಲದ ಹೆಬ್ಬೆರಳು ನನಗೆ ಕಂಡಿತು. ಅವಳು ಅಪ್ಪನ ಕಡೆ ತಿರುಗಿದಳು.

"ಮಾಲಿಂಗಪ್ಪ, ಹುಡುಗಿ ಮನಸಿಗಿ ಬಂದಾಳ. ಮನೀದು ವಿಚಾರ ಮಾಡಬೇಕು. ಇದ್ದದ್ದ ಹೇಳಾಕ ಇಷ್ಟ ಅಂಜೂ ಮಂದಿ, ನಾಳೆ ಇಲ್ಲದ್ದ ಎಷ್ಟ ಹೇಳ್ತೀರೋ. ಹೇಳಿ ಕಳಸ್ತೀನಿ."

ಅವರು ಹೋದ ಮೇಲೆ ಬಾಳೇಶಣ್ಣ ಅವ್ವನ ಮೇಲೆ ಹರಿಹಾಯ್ದ. "ಒಲೀಗಿ ಹಾಕ್ತೀನಿ ಅಂದಾಗ ಕಳದೈತಿ ಅಂದಿ. ಜ್ವಾಳದಾಗ ಇಟ್ಟಿದ್ದೇನು?"

"ನೀ ಒಲೀಗಿ ಹಾಕ್ತೀನಿ ಅಂದದ್ದಕ್ಕ ಜ್ವಾಳದಾಗ ಇಟ್ಟೆ."

"ಆಕೀಗಿ ಹೇಳಬೇಕಾಗಿತ್ತಿಲ್ಲೋ?"

"ಹೇಳಿದ್ರ ಕೊಡಬೇಕಾಗ್ತಿತ್ತು. ನಂದಿನ್ನಾ ಮುಗಿದಿದ್ದಿಲ್ಲ," ಎಂದಳು ಅವ್ವ, ಮತ್ತು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆಗ ನನಗೆ ಹೊಳೆಯಿತು. ಇನ್ನೂರು ಪುಟದಲ್ಲಿ ಹುಕ್ಕೇರಿ ಎಲ್ಲಿದೆಯೆಂದು ಅವ್ವ ಹುಡುಕಿರಲಿಲ್ಲ; ಓದುತ್ತ ಓದುತ್ತ ಕೊನೆಯ ದಿನಕ್ಕೆ ಬಂದಿದ್ದಳು.

"ಬಂದ ಸಂಬಂಧ ಕೆಡಿಸಿದ್ರಿ ಇಬ್ಬರೂ ಕೂಡಿ," ಎಂದ ಬಾಳೇಶಣ್ಣ.

ಅಪ್ಪ ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದ. "ಕೆಡಿಸಿದಾಂವ ನಾ," ಎಂದು ಹೇಳಿ ಶೆಡ್ಡಿಗೆ ಹೋದ. ಅಲ್ಲಿಂದ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಫೋನಿನಲ್ಲಿಯೂ ಅವನು ನೆಲ ನೋಡಿಯೇ ಮಾತಾಡುತ್ತಾನೆ. "ಸುಭಾನಸಾಬರೇನ್ರಿ? ನಾ ಸುಮನಾನ ಅಪ್ಪಾ ಮಾತಾಡೂದು. ನಾಕಲ್ಲರಿ. ಐದ."

ಭಾನುವಾರದವರೆಗೂ ಹುಕ್ಕೇರಿಯಿಂದ ಸುದ್ದಿ ಬರಲಿಲ್ಲ. ಅಂದು ಬೆಳಿಗ್ಗೆ ಅಪ್ಪ ನಿಚ್ಚಣಿಕೆ ಇಟ್ಟು ಅಟ್ಟದಿಂದ ಗಾಲಿಗಳನ್ನು ಇಳಿಸಿದ. ಹಿಂದಿನ ಗಾಲಿ ಕೂಡಿಸುವಾಗ ಅವ್ವ ಚೌಕಟ್ಟು ಹಿಡಿದು ನಿಂತಳು, ದನದ ಕೊಂಬು ಹಿಡಿದವಳಂತೆ ಬಿಗಿಯಾಗಿ. "ಹತ್ತನೇ ದಿನಾ ಸಮುದ್ರದಾಗ ಫೋನ್ ಬೀಳಿಸಿದ್ದು, ಹೌದಿಲ್ಲೋ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ಅದೇ ಹತ್ತನೆಯ ದಿನ. ನನಗೆ ನೆನಪಾಗದೆ ಹೋಗಿದ್ದು.

ಸೈಕಲ್ಲನ್ನು ಹಿತ್ತಲಿನಿಂದಲ್ಲ, ಮುಂಬಾಗಿಲಿನಿಂದ ಹೊರಗೆ ತಂದೆ. ಎದುರುಮನೆಯ ಲಕ್ಷ್ಮೀಬಾಯಿ ಕಟ್ಟೆಯ ಮೇಲೆ ಇದ್ದಳು.

"ಎಲ್ಲಿಗಿ ಹೊಂಟಾಳ್ರಿ ಸುಮನಾ?"

ಅಪ್ಪ ಒಳಗೆ ಹೋಗುವ ಕಾಲು ಎತ್ತಿದ. ಎತ್ತಿದ್ದನ್ನು ಅಲ್ಲೇ ಇಟ್ಟ.

"ಮೂಡಲಗಿಗಿ."

"ಸೈಕಲ್ ಮ್ಯಾಲ? ಇಷ್ಟ ದೂರ?"

"ಇದೇನ ದೂರ? ಹೋದ ತಿಂಗಳಾ ಪುಣೇಕ್ಕ ಹೋಗಿಬಂದಾಳ. ಸಮುದ್ರದ ದಂಡಿ ಹಿಡದು. ಇಪ್ಪತ್ತೆರಡು ದಿನಾ," ಎಂದ ಅಪ್ಪ. ಅವನ ಕಿವಿಗಳು ಕೆಂಪಾಗಿದ್ದವು.

ಲಕ್ಷ್ಮೀಬಾಯಿ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಸೈಕಲ್ಲನ್ನು ನೋಡಿದಳು. ಆಮೇಲೆ ನಕ್ಕುಬಿಟ್ಟಳು.

"ಸುಮ್ನಿರ್ರಿ ಮಾಲಿಂಗಪ್ಪಣ್ಣಾ, ಚ್ಯಾಷ್ಟಿ ಮಾಡಬ್ಯಾಡ್ರಿ. ಆಕಿ ಕೌಜಲಗಿಯೊಳಗ ಇದ್ದದ್ದ ನನಗ ಗೊತ್ತಿಲ್ಲೇನು?"

ಅಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಬಿಳಿ ಗೆರೆಯ ಮೇಲೆ ಬಿಗಿದು, ಮೂಡಲಗಿಗೆ ಹೋಗುವ ಕಲ್ಲೋಳಿಯ ದಾರಿಗೆ ಪೆಡಲು ತುಳಿದೆ.